ಹದಿನೇಳನೇ ನಂಬರಿನ ಮುದ್ದೆಮಾಲು

ಸಮುದ್ರದಲ್ಲಿ ನಡೆಯುವ ದರೋಡೆಯನ್ನು ಸರ್ಕಾರ ಮೂರು ಹಂತಗಳಲ್ಲಿ ಎದುರಿಸುತ್ತದೆ. ಮೊದಲನೇ ಹಂತದಲ್ಲಿ ಗಮನಿಸುತ್ತದೆ. ಎರಡನೇ ಹಂತದಲ್ಲಿ ತೀವ್ರವಾಗಿ ಗಮನಿಸುತ್ತದೆ. ಮೂರನೇ ಹಂತದಲ್ಲಿ ಫೈಲಿಗೆ ನಂಬರು ಕೊಡುತ್ತದೆ. ಈ ಕೆಲಸಕ್ಕೆಂದೇ ಮುಂಬಯಿಯ ವಡಾಲದ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಕಡಲ್ಗಳ್ಳತನ ನಿವಾರಣಾ ಕಚೇರಿ ಇದೆ. ಅದರ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ಕಂಡರೆ ಸಿಬ್ಬಂದಿಯ ಗಮನ ಚದುರೀತೆಂದು ಕಪಾಟು ಅಡ್ಡ ಇಟ್ಟಿದ್ದಾರೆ.

ಕಚೇರಿ ಶುರುವಾದ ಹನ್ನೊಂದು ವರ್ಷದಲ್ಲಿ ಒಂದೂ ಹಡಗು ದರೋಡೆಯಾಗಿಲ್ಲ. ಯಾಕೆಂದರೆ ಒಂದೂ ದೂರು ಸ್ವೀಕರಿಸಲು ಯೋಗ್ಯವಾಗಿ ಬಂದಿಲ್ಲ. ಹೆಡ್ ಕ್ಲಾರ್ಕ್ ಈರಣ್ಣನಿಗೆ ಇದರ ಬಗ್ಗೆ ಒಳಗೊಳಗೇ ಹೆಮ್ಮೆ.

ಇಂಥ ಈರಣ್ಣನಿಗೆ ಒಂದು ಮಂಗಳವಾರ, ಚಹಾ ಬರುವ ಹೊತ್ತಿಗೆ ಸರಿಯಾಗಿ, ಹೆಂಡತಿಯ ತಮ್ಮ ಶ್ರೀಶೈಲನ ಫೋನು ಬಂತು. ಶ್ರೀಶೈಲ ಸರಕು ಹಡಗಿನಲ್ಲಿ ಮೆಕ್ಯಾನಿಕ್.

“ಮಾವಾ, ನಮ್ಮ ಹಡಗ ಹಿಡದಾರ್ರಿ. ಒಂಬತ್ತ ಮಂದಿ ಬಂದೂಕ ಹಿಡಕೊಂಡು ಹತ್ಯಾರ.”

“ಏ, ಇನ್ನ ಇಪ್ಪತ್ತ ದಿನಕ್ಕ ನಿನ್ನ ನಿಶ್ಚಯ ಐತ್ಯಲ್ಲೋ!”

ಈರಣ್ಣನಿಗೆ ಮೊದಲು ಹೊಳೆದದ್ದು ಅದೇ. ಹುಡುಗಿ ವಿಜಯಪುರದ ರಾಧಿಕಾ. ಸಯನ್ನಿನಲ್ಲಿ ಹಾಲ್ ಬುಕ್ ಆಗಿತ್ತು. ಎಲ್ಲಕ್ಕೂ ಮಿಗಿಲಾಗಿ ಮನೆಯಲ್ಲಿ ಹೆಂಡತಿ ಮಹಾದೇವಿ ಇದ್ದಳು.

ಫೋನು ಹಿಡಿದುಕೊಂಡೇ ಈರಣ್ಣ ಓಡಿದ್ದು ಕಚೇರಿಯ ಮುಖ್ಯಾಧಿಕಾರಿ ಸುಹಾಸ ಸಾಹೇಬರ ಕ್ಯಾಬಿನ್ನಿಗೆ. ಬೆಳಗಾವಿ ಕಡೆಯ ಸಾಹೇಬರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

“ದೂರ ತಗೊಳ್ಳೂಣಲ್ಲ, ಅದಕ್ಕೇನಾತು? ಆದರ ಪಂಚನಾಮೆ ಆಗಬೇಕು, ಈರಣ್ಣ. ಜಾಗಾದ ಮ್ಯಾಲೆ. ಇಬ್ಬರು ಸ್ಥಳೀಕ ಪಂಚರ ಸಹಿ ಬೇಕು.”

“ಸಾಹೇಬ್ರ, ಅದು ನಡು ಸಮುದ್ರರಿ. ಅಲ್ಲಿ ಸ್ಥಳೀಕರು ಯಾರಿರತಾರ?”

ಸಾಹೇಬರು ನಿಯಮಾವಳಿ ತೆರೆದರು. ಪಂಚರು ಆ ಪರಿಸರದಲ್ಲಿ ವಾಸಿಸುವವರೂ, ಘಟನೆಯನ್ನು ಕಣ್ಣಾರೆ ಕಂಡವರೂ, ಗೌರವಸ್ಥರೂ ಆಗಿರತಕ್ಕದ್ದು. ಹಡಗಿನ ಸಿಬ್ಬಂದಿ ದೂರುದಾರರು, ಅವರು ನಡೆಯುವುದಿಲ್ಲ. ಆ ನೀರಿನಲ್ಲಿ ಕಾಯಮ್ಮಾಗಿ ಇರುವವರು ಒಂದೇ ಗುಂಪು.

“ಶ್ರೀಶೈಲಾ, ಫೋನ ಅವರ ಕೈಯಾಗ ಕೊಡು,” ಎಂದ ಈರಣ್ಣ.

ಕಳ್ಳರ ಮುಖಂಡನಿಗೆ ಹಿಂದಿ ಬರುತ್ತಿತ್ತು; ಮುಂಬಯಿಯ ಖಲಾಸಿಗಳನ್ನು ಹಿಡಿದು ಹಿಡಿದು ಕಲಿತಿದ್ದ. ವೃತ್ತಿ? ಸಮುದ್ರದ ಕೆಲಸ. ಅನುಭವ? ಹದಿನಾಲ್ಕು ವರ್ಷ. ವಿಳಾಸ? ಗಾಳಿ ನೋಡಿ ಹೇಳಬೇಕು. ಬರೆದುಕೊಂಡದ್ದನ್ನು ಈರಣ್ಣ ಓದಿ ಹೇಳುತ್ತಾ ‘ಗೌರವಸ್ಥರು’ ಎಂಬಲ್ಲಿಗೆ ಬಂದಾಗ ಮುಖಂಡ ತಡೆದ.

“ಸಾಬ್, ಫಿರ್ ಸೇ ಪಢೋ,” ಎಂದ ಮುಖಂಡ ಮೆತ್ತಗೆ.

ಈರಣ್ಣ ಆ ಸಾಲನ್ನು ಇನ್ನೊಮ್ಮೆ ಓದಿದ.

ಸಂಜೆಯೊಳಗೆ ಮುಖಂಡನದೂ ಅವನ ಷಡ್ಡಕನದೂ ಸಹಿ ಫೋಟೋದಲ್ಲಿ ಬಂತು. ಹಡಗಿನಲ್ಲಿದ್ದ ಎಲ್ಲದರ ಯಾದಿಯೂ ಜೊತೆಗಿತ್ತು. ಕಚೇರಿಯ ಮೊಟ್ಟಮೊದಲ ದೂರು ಸ್ವೀಕಾರವಾಯಿತು. ಸಾಹೇಬರು ಪೇಢೆ ಹಂಚಿದರು.

ದೂರು ಸ್ವೀಕಾರವಾದ್ದರಿಂದ ಹಡಗು ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಾದ ಮಾಲು, ಆಯಿತು. ಮುದ್ದೆಮಾಲನ್ನು ಕೇಸು ಮುಗಿಯುವ ತನಕ ಯಾರಾದರೂ ಗೌರವಸ್ಥರ ಸುಪರ್ದಿಗೆ ಕೊಡಬೇಕು. ಜಾಗಾದ ಮೇಲೆ ಇದ್ದ ಗೌರವಸ್ಥರು ಪಂಚರೇ. ಹೀಗಾಗಿ ಸರ್ಕಾರ ಹಡಗನ್ನು ಕಳ್ಳರಿಗೆ ಲಿಖಿತವಾಗಿ ಒಪ್ಪಿಸಿತು. ಒಂದು ಗೀರೂ ಬೀಳಬಾರದೆಂದು ತಾಕೀತು ಮಾಡಿತು. ಆ ವಾರದ ವರದಿಯಲ್ಲಿ ‘ಕಳ್ಳರ ವಶದಲ್ಲಿರುವ ಹಡಗು: ಇಲ್ಲ’ ಎಂದು ನಮೂದಾಯಿತು.

ಈ ಯಶಸ್ಸನ್ನು ಈರಣ್ಣ ಮನೆಯಲ್ಲಿ ಹೇಳಿದಾಗ ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಹಡಗದ ಪುರಾಣ ಇರ್ಲಿ. ನನ್ನ ತಮ್ಮ ಎಂದ ಬರತಾನ?”

“ಅಂವಾ ಯಾದ್ಯಾಗ ಹದಿನೇಳನೇ ನಂಬರ್ ಅದಾನ. ಹದಿನಾರು ಹಗ್ಗದ ಸುರುಳಿ, ಹದಿನೆಂಟು ನೀರಿನ ಪಂಪು. ಕೇಸ್ ಮುಗಿಯೂ ಮಟ ಒಂದೂ ಅಲ್ಲಾಡಸಂಗಿಲ್ಲ.”

“ಕೇಸ್ ಎಂದ ಮುಗೀತೈತಿ?”

“ಇನ್ನ ಒಂದೂ ಮುಗದಿಲ್ಲ, ಹೆಂಗ ಹೇಳ್ಲಿ?”

“ಹಂಗಾರ ನಿಶ್ಚಯದ ದಿನ ಆ ಮಣೀಮ್ಯಾಲೆ ಯಾರ್ನ ಕುಂಡ್ರಸ್ತೀರಿ? ಪಂಪನ್ನ?”

ಅಂದು ಈರಣ್ಣ ಎರಡನೇ ರೊಟ್ಟಿ ಕೇಳಲಿಲ್ಲ.

ಮರುದಿನ ಸುಹಾಸ ಸಾಹೇಬರೇ ದಾರಿ ಹುಡುಕಿಕೊಟ್ಟರು. ಮುದ್ದೆಮಾಲಿನಿಂದ ಒಂದು ವಸ್ತು ಹೊರಗೆ ತೆಗೆಯಬೇಕಾದರೆ, ಅದೇ ವರ್ಣನೆಯ ಇನ್ನೊಂದು ವಸ್ತುವನ್ನು ಆ ಜಾಗದಲ್ಲಿ ಇಡತಕ್ಕದ್ದು. ಹದಿನೇಳನೇ ನಂಬರಿನ ಮುಂದೆ ಬರೆದಿತ್ತು: ‘ಮನುಷ್ಯ, ಗಂಡು, ಮೀಸೆ ಇದೆ, ಸುಸ್ಥಿತಿ.’

ಸಾಹೇಬರು ಕನ್ನಡಕದ ಮೇಲಿನಿಂದ ಈರಣ್ಣನ ಮೀಸೆ ನೋಡಿದರು.

“ಸಾಹೇಬ್ರ, ನನಗ ಶುಗರ್ ಐತ್ರಿ. ಸುಸ್ಥಿತಿ ಹೆಂಗ ಆಕ್ಕೈತಿ?”

“ಅರೆ, ಆ ಹಗ್ಗದ ಮುಂದನೂ ಸುಸ್ಥಿತಿ ಅಂತನ ಬರದಾರ. ಯಾರ ಎಳದ ನೋಡ್ಯಾರ?”

ಪಂಚರಿಗೆ ನೋಟೀಸು ಹೋಯಿತು. ಹೇಳಿದ ದಿನ, ಹೇಳಿದ ಹನ್ನೊಂದು ಗಂಟೆಗೆ ಅವರು ಶ್ರೀಶೈಲನನ್ನು ಬಂದರಿನ ಧಕ್ಕೆಗೆ ತಂದು ನಿಲ್ಲಿಸಿದ್ದರು. ಹಿಡಿಯಲು ಬಂದ ಪೊಲೀಸರು ಸುಪರ್ದಿ ಪತ್ರದ ಮೊಹರು ನೋಡಿ ಕುರ್ಚಿ ಹಾಕಿಕೊಟ್ಟಿದ್ದರು. ಕಚೇರಿಯವರು ಬಂದು ಮುಟ್ಟಿದಾಗ ಹನ್ನೆರಡೂವರೆ. ಹಾರ್ಬರ್ ಲೈನಿನ ಲೋಕಲ್ ರೈಲು ತಡ ಎಂದರು. ಸರ್ಕಾರಿ ಕೆಲಸದಲ್ಲಿ ಈ ಥರ ಸಡಿಲು ಬಿಟ್ಟರೆ ಹೇಗೆ ಎಂದು ಮುಖಂಡ ಬೇಸರ ಮಾಡಿಕೊಂಡ. ಒಂದು ಗಂಡು ಕೊಟ್ಟು ಒಂದು ಗಂಡು ತೆಗೆದುಕೊಂಡದ್ದಕ್ಕೆ ರಸೀದಿ ಪಡೆದು, ಈರಣ್ಣನನ್ನು ದೋಣಿ ಹತ್ತಿಸಿಕೊಂಡು ಹೋದ.

ಹಡಗಿನಲ್ಲಿ ಈರಣ್ಣ ಸುಮ್ಮನೆ ಕೂರುವ ಪೈಕಿ ಅಲ್ಲ. ಮೊದಲ ವಾರದಲ್ಲೇ ಹಾಜರಿ ಬುಕ್ ಶುರು ಮಾಡಿದ. ಎರಡನೇ ವಾರಕ್ಕೆ ಬಂದ, ಹೋದ ಕಾಗದಗಳ ಆವಕ, ಜಾವಕ ಬುಕ್ ಬಂತು. ಸುಪರ್ದಿದಾರರಾದ ಕಳ್ಳರು ದಿನಾ ಯಾದಿಯ ಪ್ರಕಾರ ಹಗ್ಗ, ಪಂಪು, ಈರಣ್ಣ ಎಲ್ಲವನ್ನೂ ಎಣಿಸಿ ಮೂರು ಪ್ರತಿಯಲ್ಲಿ ಸಹಿ ಹಾಕಬೇಕಾಯಿತು. ಇದರಿಂದ ಅವರಿಗೆ ಇನ್ನೊಂದು ಹಡಗು ಹಿಡಿಯಲು ಪುರುಸೊತ್ತು ಸಿಗಲಿಲ್ಲ. ಸರ್ಕಾರದ ದೃಢ ಕ್ರಮ ಫಲ ಕೊಟ್ಟಿದೆಯೆಂದು ಸಾಹೇಬರು ಮೇಲಿನವರಿಗೆ ಬರೆದರು.

ನಿಶ್ಚಯವೂ ಹೇಳಿದ ದಿನವೇ ಆಯಿತು. ಮಣೆಯ ಮೇಲೆ ಶ್ರೀಶೈಲ ಕೂತ. ರಾಧಿಕಾಳ ತಂದೆ ಧರ್ಮಣ್ಣ ಆಚೀಚೆ ಕಣ್ಣಾಡಿಸಿದರು.

“ಮನೀ ಹಿರೇರು, ಈರಣ್ಣನವರು, ಕಾಣವಲ್ಲರಲ್ಲ?”

ಮಹಾದೇವಿ ಸೆರಗು ಸರಿಮಾಡಿಕೊಂಡಳು.

“ಅವರು ಸರ್ಕಾರದ ಮುದ್ದೆಮಾಲು ಆಗ್ಯಾರ್ರಿ. ನಡು ಸಮುದ್ರದಾಗ ಇಟ್ಟಾರ.”

“ಹೌದೇನ್ರಿ? ಪರ್ಮನೆಂಟೋ, ಟೆಂಪರ್ವರಿಯೋ?”

“ಕೇಸ್ ಮುಗಿಯೂ ಮಟರಿ.”

“ಹಂಗಂದ್ರ ಪರ್ಮನೆಂಟ್ ಆತ ಬಿಡ್ರಿ,” ಎಂದು ಧರ್ಮಣ್ಣ ಸಮಾಧಾನದಿಂದ ಎಲೆ ಅಡಿಕೆಯ ತಾಟನ್ನು ಮುಂದೆ ಸರಿಸಿದರು.