ಸೀಸ ಬಿಟ್ಟವನ ಗಾಳ

ಭಾನುವಾರ ಗಾಳ ಹಿಡಿದು ಕೂರುವವನಿಗೆ ಮೀನು ಸಿಗುವುದು ಅಪರೂಪ. ನಗೆಪಾಟಲು ಮಾತ್ರ ವಾರ ತಪ್ಪದೆ ಸಿಗುತ್ತದೆ. ಕೊಳ್ಳೇಗಾಲದಲ್ಲಿ ನನ್ನದೊಂದು ಲೇತ್ ಅಂಗಡಿ. ನನ್ನ ಜಿಗ್‌ಗಳನ್ನೂ ಅಲ್ಲೇ ಮಾಡಿಕೊಳ್ಳುತ್ತೇನೆ. ಜಿಗ್ ಅಂದರೆ ತಲೆಯಲ್ಲಿ ಭಾರವಿರುವ ಕೊಕ್ಕೆ. ನೀರಿಗೆಸೆದು ಜಗ್ಗುತ್ತಿದ್ದರೆ ಮರಿಮೀನಿನ ಹಾಗೆ ಕುಣಿಯುತ್ತದೆ. ದೊಡ್ಡ ಮೀನು ಮೋಸ ಹೋಗುತ್ತದೆ. ಹೋಗಬೇಕು, ಅಷ್ಟೆ.

೧. ಒಗ್ಗರಣೆ ಸೌಟು

ಮೊದಲು ಆ ಭಾರಕ್ಕೆ ಸೀಸ ಹಾಕುತ್ತಿದ್ದೆ. ಒಂದು ದಿನ ಅಡುಗೆಮನೆಯಲ್ಲಿ, ಒಗ್ಗರಣೆ ಸೌಟಿನಲ್ಲಿ ಸೀಸ ಕರಗಿಸುತ್ತಿದ್ದಾಗ ಹೆಂಡತಿ ಬಂದಳು. ಅವಳು ನರ್ಸು.

“ಸೀಸದ ಹೊಗೆ ಕುಡಿದ್ರೆ ಬುದ್ಧಿ ಮಂಕಾಗುತ್ತೆ, ಗೊತ್ತಾ?”

“ಆರು ವರ್ಷದಿಂದ ಕರಗಿಸ್ತಾ ಇದೀನಿ. ನನಗೇನೂ ಆಗಿಲ್ವಲ್ಲ.”

ಅವಳು ಸೌಟನ್ನು ನೋಡಿದಳು, ನನ್ನನ್ನು ನೋಡಿದಳು. “ಒಗ್ಗರಣೆ ಸೌಟಲ್ಲಿ ಸೀಸ ಕರಗಿಸೋನು ಹೇಳೋ ಮಾತಾ ಇದು?”

೨. ಹನೂರಿನ ಪ್ರಯೋಗ

ಸೀಸ ಹೋದರೇನಂತೆ, ಅದಕ್ಕಿಂತ ಭಾರದ ಲೋಹ ನನಗೆ ಗೊತ್ತಿತ್ತು: ಟಂಗ್‌ಸ್ಟನ್. ಸ್ಟೀಲ್ ಗೇಟು ಬೆಸೆಯುವ ಕಡ್ಡಿ ಅದರದ್ದೇ. ಹನೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಗೆಳೆಯನ ಹತ್ತಿರ ಸವೆದ ಕಡ್ಡಿಯ ತುಂಡುಗಳು ಡಬ್ಬಿ ತುಂಬ ಬಿದ್ದಿದ್ದವು.

“ಕರಗಿಸಿ ಅಚ್ಚಿಗೆ ಉಯ್ದುಬಿಡೋಣ” ಅಂದೆ.

“ಇದು ಕರಗಾಕಿಲ್ಲ ಕಣ್ಲಾ.”

“ಕರಗದೇ ಇರೋ ಲೋಹ ಅಂತ ಒಂದಿದ್ಯಾ? ಇಪ್ಪತ್ತು ವರ್ಷ ಲೇತ್ ತಿರುಗಿಸಿದೋನು ನಾನು. ನೀನು ಬೆಂಕಿ ಹಚ್ಚೋ.”

ಕಬ್ಬಿಣದ ಸೌಟಿಗೆ ತುಂಡು ಹಾಕಿ ಗ್ಯಾಸ್ ಕಟರ್ ಹಿಡಿದ. ಸ್ವಲ್ಪ ಹೊತ್ತಿಗೆ ಕೆಂಪಗೆ ಏನೋ ತೊಟ್ಟಿಕ್ಕಿತು.

“ನೋಡ್ದಾ?” ಅಂದೆ.

ಬೆಂಕಿ ಆರಿಸಿ ನೋಡಿದರೆ ತುಂಡುಗಳು ಇದ್ದ ಹಾಗೇ ನೆಲದ ಮೇಲೆ ಬಿದ್ದಿದ್ದವು. ಕರಗಿದ್ದು ಸೌಟು.

೩. ಒರೆಗಲ್ಲು

ಕೊನೆಗೆ ಕಿರುಬೆರಳಿನಷ್ಟು ಹಿತ್ತಾಳೆ ಕೊಳವೆ ಮಾಡಿ, ಒಳಗೆ ಆ ತುಂಡುಗಳನ್ನು ಜಡಿದು, ತುದಿಗೆ ತವರದ ಬೆಸುಗೆ ಹಾಕಿದೆ. ಅದೊಂದೇ ಜಿಗ್‌ಗೆ ಮೂರು ವಾರ ಹಿಡಿಯಿತು. ಸರಿಯಾದ ತೂಕ ನೋಡೋಣ ಅಂತ ಯಳಂದೂರಿನ ಅಕ್ಕಸಾಲಿಗರೊಬ್ಬರ ಕೈಗೆ ಕೊಟ್ಟೆ. ಅವರು ತೂಗಿದರು, ನೀರಲ್ಲಿ ಮುಳುಗಿಸಿ ತೂಗಿದರು, ಒರೆಗಲ್ಲಿಗೆ ಉಜ್ಜಿದರು. ಆಮೇಲೆ ಎದ್ದು ಬಾಗಿಲು ಅರ್ಧ ಮುಚ್ಚಿ ಬಂದು, ದನಿ ತಗ್ಗಿಸಿದರು.

“ಒರೆಗೆ ಹಿತ್ತಾಳೆ, ತೂಕಕ್ಕೆ ಹತ್ತತ್ರ ಚಿನ್ನ. ನಿಜ ಹೇಳಿ, ಯಾರಿಗೆ ಟೋಪಿ ಹಾಕೋಕೆ ಮಾಡಿದ್ರಿ ಇದನ್ನ?”

“ಮೀನಿಗೆ ಸಾ” ಅಂದೆ.

೪. ಯಜಮಾನರ ಪಾಪ

ಆ ಜಿಗ್ಗಿಗೆ ಕೊಕ್ಕೆ ಸಿಕ್ಕಿಸಿ, ಮಾಂಬಳ್ಳಿ ಕಡೆಯ ಒಂದು ಕೆರೆಗೆ ಒಯ್ದು ನೀರಿಗೆಸೆದೆ. ಪಕ್ಕದ ಗದ್ದೆಯ ಯಜಮಾನರು ಬಂದು ನಿಂತರು. ಹಣೆ ತುಂಬ ವಿಭೂತಿ. ಅವರ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಅಷ್ಟರಲ್ಲಿ ನನಗೆ ಫೋನ್ ಬಂತು. ಮಾತು ಸರಿಯಾಗಿ ಕೇಳಿಸಲಿಲ್ಲ. ಗಾಳದ ಕೋಲನ್ನು ಅವರ ಕೈಗಿಟ್ಟು ಏರಿ ಹತ್ತಿದೆ.

“ಸುಮ್ನೆ ಇಡ್ಕಂಡಿರ್ತೀನಿ, ಅಷ್ಟೆಯ” ಅಂದರು.

ಎರಡು ನಿಮಿಷವಾಗಿಲ್ಲ, ಕೆಳಗಿನಿಂದ ಕೂಗು. “ಸಾ, ಇದು ಎಳೀತಾ ಅದೆ.”

“ದಾರ ಸುತ್ತಿ.”

“ಸುತ್ತುದ್ರೆ ಪಾಪ ನಂಗೆ ಬತ್ತದೆ.”

“ಹಂಗಾದ್ರೆ ಬಿಟ್ಬಿಡಿ” ಅಂದೆ. ಮೂರು ವಾರದ ಕೆಲಸ ಕಣ್ಣೆದುರೇ ಮುಳುಗಿದಂತಾಯಿತು.

ಯಜಮಾನರು ಬಾಗಿದ ಕೋಲನ್ನೇ ನೋಡಿದರು. “ಬುಡಾಕೂ ಮನ್ಸು ಬರ್ತಿಲ್ಲ” ಅಂದರು.

ನಾನು ಓಡಿ ಬರುವಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಸುತ್ತೇ ಸುತ್ತುತ್ತಿದ್ದರು. ಮೊಳದುದ್ದದ ಕೊರಮೀನು. ಅಂಥದ್ದು ನನಗೆ ಜನ್ಮದಲ್ಲೇ ಬಿದ್ದಿರಲಿಲ್ಲ.

“ನೀರಿಗೆ ಬಿಡ್ಲಾ?” ಅಂತ ಕೇಳಿದೆ.

“ಒಂದು ಫೋಟೋ ತಕ್ಕಂಡು ಬುಡಿ. ನಮ್ಮನೇಲಿ ಯೋಳ್ಬ್ಯಾಡಿ.”

ಮುಂದಿನ ಭಾನುವಾರ ಹೋದರೆ ಯಜಮಾನರು ನನಗಿಂತ ಮೊದಲೇ ಕೆರೆ ದಡದಲ್ಲಿ ಕುಳಿತಿದ್ದರು. ಕೈ ಚಾಚಿ ಕೋಲು ಇಸಿದುಕೊಂಡರು.

“ನೀವು ಅತ್ಲಾಗೋಗಿ ಟೀ ಕುಡ್ಕಂಡು ಬನ್ನಿ” ಅಂದರು. “ನೀವಿದ್ರೆ ಅದು ಕಚ್ಚಾಕಿಲ್ಲ.”