ಕಕ್ಕಸಿನ ಕಾಕಟೂ

ನನಗೆ ಸಿಟ್ಟು ಬಂದಿದೆ. ಬಂದದ್ದು ಮಾರ್ಚ್ ತಿಂಗಳಲ್ಲಿ. ಈಗ ಸೆಪ್ಟೆಂಬರ್, ಇನ್ನೂ ಇಳಿದಿಲ್ಲ. ಮನೆಯಲ್ಲಿ ನ್ಯಾಯವಂತರು ಯಾರಾದರೂ ಇದ್ದಿದ್ದರೆ ಅವರ ಮುಂದೆ ಹೇಳಿಕೊಳ್ಳುತ್ತಿದ್ದೆ. ಇರುವವಳು ನನ್ನ ಹೆಂಡತಿ ನೋಲೀನ್ ಒಬ್ಬಳು, ಅವಳೇ ಆರೋಪಿ. ಹಾಗಾಗಿ ನೀವೇ ಕೇಳಬೇಕು.

ನಾನು ಕ್ಲೆಮ್ ಪೆಂಗೆಲಿ, ಕ್ಯಾಸಲ್‌ಮೇನ್ ಊರಿನ ನಿವೃತ್ತ ಪೋಸ್ಟ್‌ಮಾಸ್ಟರ್. ಮೂವತ್ತೆಂಟು ವರ್ಷ ಊರವರ ಕಾಗದಗಳನ್ನು ಒಂದು ಮೂಲೆಯೂ ಮಡಿಯದ ಹಾಗೆ ತಲುಪಿಸಿದವನು. ನಿವೃತ್ತಿಯಾದ ಮೇಲೆ ಕಾಗದದ ಮೇಲಿನ ಆ ಭಕ್ತಿಯನ್ನೆಲ್ಲ ಹಳೆಯ ಹಕ್ಕಿಚಿತ್ರಗಳಿಗೆ ಧಾರೆಯೆರೆದೆ. ನೂರೈವತ್ತು ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದು, ದಪ್ಪ ಕಾಗದಕ್ಕೆ ಅಚ್ಚೊತ್ತಿ, ಒಂದೊಂದು ಗರಿಗೂ ಕೈಯಿಂದ ಬಣ್ಣ ತುಂಬಿದ ಚಿತ್ರಗಳವು. ಅದಕ್ಕೆಂದೇ ನಮ್ಮೂರಲ್ಲಿ ಒಂಬತ್ತು ಜನರ ಸಂಘವಿದೆ. ಸಂಘಕ್ಕೆ ನಿಯಮಾವಳಿಯಿದೆ. ಬರೆದವನು ನಾನು. ಚಿತ್ರಕ್ಕೆ ಬಿಸಿಲು ತಾಗಿಸಬಾರದು. ಅಂಚು ಕತ್ತರಿಸುವುದು ಹಕ್ಕಿಯ ಕತ್ತು ಕೊಯ್ದದ್ದಕ್ಕೆ ಸಮ, ಏಕೆಂದರೆ ಚಿತ್ರ ಬರೆದವನ ಹೆಸರು, ಅಚ್ಚು ಹಾಕಿದವನ ಹೆಸರು ಎಲ್ಲ ಇರುವುದು ಆ ಅಂಚಿನಲ್ಲೇ. ಇನ್ನು ಹಳೆಯ ಕಾಗದದ ಮೇಲೆ ಯಾರು ಏನೇ ಗೀಚಿರಲಿ, ಅದು ಚಿತ್ರದ ಚರಿತ್ರೆ, ಯಾವ ಕಾರಣಕ್ಕೂ ಅಳಿಸತಕ್ಕದ್ದಲ್ಲ. (ಈ ಕೊನೆಯದಕ್ಕೆ ಸಭೆಯಲ್ಲಿ ಚಪ್ಪಾಳೆ ಬಿದ್ದಿತ್ತು. ಆ ಚಪ್ಪಾಳೆ ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.)

ನನ್ನ ಸಂಗ್ರಹದ ಪಟ್ಟದರಸ ಗ್ಯಾಂಗ್-ಗ್ಯಾಂಗ್ ಕಾಕಟೂ ಎಂಬ ಗಿಳಿಜಾತಿಯ ಹಕ್ಕಿ. ಬೂದು ಮೈ, ಕೆಂಪು ತಲೆ, ಈಗತಾನೆ ಹಾಸಿಗೆಯಿಂದ ಎದ್ದು ಬಂದವನ ಹಾಗೆ ಕೆದರಿದ ಜುಟ್ಟು. ಮೆಲ್ಬರ್ನಿನ ಒಬ್ಬ ವ್ಯಾಪಾರಿಯಿಂದ ಪ್ರಮಾಣಪತ್ರ ಸಮೇತ ತಂದವನು, ಆವತ್ತೇ ಡ್ರಾಯರಿನಲ್ಲಿ ರೇಷ್ಮೆಯಂಥ ಕಾಗದಗಳ ನಡುವೆ ಮಲಗಿಸಿದೆ. ಹೊರತೆಗೆಯುವುದು ವರ್ಷಕ್ಕೊಮ್ಮೆ, ಪರದೆ ಎಳೆದು, ಕೈ ಮೂರು ಸಲ ತೊಳೆದು, ಮೂಲೆಯ ಮಂದ ದೀಪವೊಂದನ್ನೇ ಹಚ್ಚಿ.

ಹೀಗಿರುವಾಗ ಮಾರ್ಚ್ ತಿಂಗಳ ಒಂದು ಮುಂಜಾನೆ ನಿತ್ಯಕರ್ಮಕ್ಕೆಂದು ಹೋದವನಿಗೆ ಎದುರು ಗೋಡೆಯ ಮೇಲೆ ಅದೇ ಕಾಕಟೂ ಕಾಣಿಸಿತು! ಚರ್ಚಿನ ಹೆಂಗಸರ ಹಳೇ ಸಾಮಾನಿನ ಮಾರಾಟದಲ್ಲಿ ನೋಲೀನ್ ಕೊಂಡುತಂದಿದ್ದಳಂತೆ. ಗಾಜಿನ ಮೇಲೆ ನೊಣಗಳ ಮೂರು ತಲೆಮಾರಿನ ಹೇಲು.

"ನೋಲೀನ್, ಏನದು?"

"ಹಕ್ಕಿ."

"ಹಕ್ಕಿ ಅಂತ ನಂಗೂ ಗೊತ್ತು. ಅಲ್ಲಿ ಯಾಕಿದೆ?"

"ಅಲ್ಲೊಂದು ಮೊಳೆ ಇತ್ತು."

"ಅಯ್ಯೋ, ಅದು ಬಿಸ್ಕೆಟ್ ಡಬ್ಬಿ ಮೇಲಿನ ಚಿತ್ರ ಕಣೇ! ಹಕ್ಕಿಚಿತ್ರ ಸಂಘದ ಕಾರ್ಯದರ್ಶಿ ಮನೆ ಇದು!"

"ಬಿಸ್ಕೆಟ್ ಡಬ್ಬಿನಾದ್ರೂ ಯಾರಾದ್ರೂ ತೆರೀತಾರೆ. ನಿನ್ನ ಡ್ರಾಯರ್ ತೆರೆಯೋರು ಯಾರು? ಇಪ್ಪತ್ತು ವರ್ಷದಲ್ಲಿ ನಿನ್ನ ಕಾಕಟೂ ನಂಗೆ ದರ್ಶನ ಕೊಟ್ಟಿರೋದು ನಾಲ್ಕೇ ಸಲ. ಅದೂ ಕತ್ತಲಲ್ಲಿ. ಇದನ್ನ ದಿನಾ ನೋಡ್ತೀನಿ, ಆರಾಮಾಗಿ ಕೂತ್ಕೊಂಡು."

ಸಾಲದ್ದಕ್ಕೆ ಬಂದಬಂದವರೆಲ್ಲ ಅದನ್ನೇ ಹೊಗಳತೊಡಗಿದರು. ನಲ್ಲಿ ರಿಪೇರಿಯವನು ಹೊಗಳಿದ. ನನ್ನ ಸಂಘದ ಎದುರಾಳಿ ರೆಜ್ ಟಿಪೆಟ್ ಒಂದೇ ಮಧ್ಯಾಹ್ನ ಎರಡು ಸಲ ಒಳಗೆ ಹೋಗಿಬಂದು, "ಕ್ಲೆಮ್, ನಿಮ್ಮನೇಲಿ ನೋಡೋ ಅಂಥದ್ದು ಅದೊಂದೇ ನೋಡಪ್ಪ" ಅಂದ. ನಾನು ಪ್ರತಿಭಟನೆಗಾಗಿ ಕಣ್ಣು ಮುಚ್ಚಿ ಕೂರತೊಡಗಿದೆ. ಐದು ತಿಂಗಳಲ್ಲಿ ಒಮ್ಮೆಯೂ ಆ ಹಕ್ಕಿಯ ಮುಖ ನೋಡಲಿಲ್ಲ. ಇಂಥ ಮನೋನಿಗ್ರಹ ಋಷಿಗಳಿಗೂ ಸಾಧ್ಯವಿಲ್ಲ.

ಆಗಸ್ಟ್ ಸಭೆ ನಮ್ಮ ಮನೆಯಲ್ಲೆಂದು ಗೊತ್ತಾಯಿತು. ಆತಿಥೇಯನು ತನ್ನ ಒಂದು ಚಿತ್ರವನ್ನು ನಮ್ಮೆಲ್ಲರಿಗಿಂತ ಹಿರಿಯ ಪರಿಣತೆ ಮಿಸ್ ಟ್ರೆಲೋರ್ ಅವರ ಮುಂದಿಡುವುದು ಸಂಘದ ಪದ್ಧತಿ. ಎಂಬತ್ನಾಲ್ಕರ ಆ ತಾಯಿ ಒಪ್ಪಿದರೆ, ನಮ್ಮ ಕಡೆ ವಸಂತ ಬರುವ ಸೆಪ್ಟೆಂಬರಿನಲ್ಲಿ ಊರ ಲೈಬ್ರರಿಯ ಪ್ರದರ್ಶನದಲ್ಲಿ ಅದಕ್ಕೆ ಮುಂಗೋಡೆಯ ಜಾಗ. ಹನ್ನೆರಡು ವರ್ಷದಿಂದ ಆ ಮುಂಗೋಡೆಗೆ ಬಾಯಿಬಿಟ್ಟುಕೊಂಡು ಕೂತಿದ್ದೆ. ನನ್ನ ಕಾಕಟೂ ನೋಡಲು ಬಂದ ಮಿಸ್ ಟ್ರೆಲೋರ್ ಕಕ್ಕಸಿನಲ್ಲಿ ಅದರ ದರಿದ್ರ ದಾಯಾದಿಯನ್ನು ಕಂಡರೆ ನನ್ನ ಮಾನ ಉಳಿಯುತ್ತದೆಯೇ?

"ಶನಿವಾರ ಒಂದು ದಿನದ ಮಟ್ಟಿಗೆ ತೆಗಿ, ನೋಲೀನ್."

"ತೆಗೆಯೋಲ್ಲ."

"ಕೈ ಮುಗೀತೀನಿ ಮಾರಾಯ್ತಿ."

"ಕೈ ತೊಳ್ಕೊಂಡು ಮುಗಿ. ನನ್ನ ಹಕ್ಕಿ ಕಕ್ಕಸಿನಿಂದ ಹೊರಗೆ ಬಂದ್ರೆ ನಿನ್ನ ಸಂಘಕ್ಕೆ ಚಹಾನೂ ಇಲ್ಲ, ತಿನ್ನೋಕೆ ಸ್ಕೋನೂ ಇಲ್ಲ."

ಸರಿ. ಹಕ್ಕಿ ಕಕ್ಕಸಿನಲ್ಲೇ ಇರಲಿ. ಆದರೆ ಕಕ್ಕಸಿನಲ್ಲಿ ಎಲ್ಲಿ ಎಂದು ಅವಳು ಹೇಳಿರಲಿಲ್ಲವಲ್ಲ! ಗುರುವಾರ ಅವಳು ಲಾನ್ ಬೌಲ್ಸ್ ಆಡಲು ಹೋದದ್ದೇ ತಡ, ಚಿತ್ರ ಇಳಿಸಿದೆ. ಕೂತವರ ಬೆನ್ನ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಒಂದು ಗೇಣು ಗೋಡೆ ಖಾಲಿಯಿತ್ತು. ಅಲ್ಲಿ ಹಿಡಿಸುವ ಚೌಕಟ್ಟು ಮನೆಯಲ್ಲಿದ್ದದ್ದು ಒಂದೇ, ನಮ್ಮ ಸತ್ತುಹೋದ ನಾಯಿಯ ಫೋಟೋದ್ದು. ಅದಕ್ಕೆ ಈ ಚಿತ್ರ ದೊಡ್ಡದಾಯಿತು. ಅಡುಗೆಮನೆಯ ಕತ್ತರಿ ತಂದೆ. ಅದರ ಮುಖ ನೋಡುವುದೇ ಬೇಡವೆಂದು ಬೋರಲು ಹಾಕಿ, ನಾಲ್ಕೂ ಕಡೆ ಅಂಚನ್ನು ನಾಲ್ಕು ಬೆರಳಗಲ ಕರಕರನೆ ಕತ್ತರಿಸಿ ಬಿಸಾಕಿದೆ. ಕಾಗದ ಯಾಕೋ ದಪ್ಪ ಅನ್ನಿಸಿತು. ಹಳೇ ರದ್ದಿ, ಇನ್ನೇನು ಅಂದುಕೊಂಡೆ. ನಿಜ ಹೇಳುತ್ತೇನೆ, ಕತ್ತರಿಸುವಾಗ ಬಹಳ ಹಿತವಾಗಿತ್ತು.

ನೋಲೀನ್ ಬಂದಳು, ಒಳಗೆ ಹೋದಳು, ಹೊರಗೆ ಬಂದಳು. "ಹ್ಞೂಂ" ಅಂದಳು. ಮೂವತ್ತಾರು ವರ್ಷ ಸಂಸಾರ ಮಾಡಿದ ನಾನು ಆ ಹ್ಞೂಂಕಾರಕ್ಕೆ ಹೆದರಬೇಕಿತ್ತು.

ಶನಿವಾರ ಮಧ್ಯಾಹ್ನ ಸಂಘ ನೆರೆಯಿತು. ಪರದೆ ಎಳೆದಿದ್ದೆ. ಕೈ ಮೂರು ಸಲ ತೊಳೆದಿದ್ದೆ. ಹಸುಗೂಸನ್ನು ಎತ್ತುವ ಹಾಗೆ ಕಾಕಟೂವನ್ನು ಎತ್ತಿತಂದು ಮೇಜಿನ ಮೇಲಿಟ್ಟೆ. ಮಿಸ್ ಟ್ರೆಲೋರ್ ಕೊರಳಿನ ಭೂತಗನ್ನಡಿ ಕೈಗೆ ತೆಗೆದುಕೊಂಡರು.

"ಪರದೆ ಸರಿಸಪ್ಪ ಕ್ಲೆಮ್. ಈ ಕತ್ತಲಲ್ಲಿ ಹಕ್ಕಿ ಯಾವುದು, ನೀನು ಯಾವುದು ಅಂತಾನೇ ಗೊತ್ತಾಗ್ತಿಲ್ಲ."

"ಬಿಸಿಲು ತಾಗಿಸಬಾರದು ಅಂತ ನಿಯಮ ಇದೆ ಮೇಡಂ…"

ನಾನು ಮಾತು ಮುಗಿಸುವುದರೊಳಗೆ ರೆಜ್ ಟಿಪೆಟ್ ಹಾರಿಹೋಗಿ ಪರದೆ ಎಳೆದ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕಾಕಟೂವಿನ ಮೇಲೆ ಬಿಸಿಲು ಬಿತ್ತು. ಮಿಸ್ ಟ್ರೆಲೋರ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಚುಕ್ಕಿ ಇದೆಯಲ್ಲಪ್ಪ."

"ತೇವ ಹಿಡಿದಿರಬಹುದು ಮೇಡಂ."

"ತೇವದ ಚುಕ್ಕಿ ಪೋಸ್ಟಾಫೀಸಿನ ಮುಂದೆ ನಿಂತ ಜನದ ಹಾಗೆ ಸಾಲಾಗಿ ನಿಲ್ಲೋಲ್ಲ. ಕೈಯಿಂದ ತುಂಬಿದ ಬಣ್ಣದಲ್ಲಿ ಚುಕ್ಕಿ ಇರೋದಿಲ್ಲ. ಇದು ಮೊನ್ನೆ ಮೊನ್ನೆ ಯಂತ್ರದಲ್ಲಿ ತೆಗೆದ ನಕಲು." ನನ್ನ ಮುಖ ನೋಡಿ ಅವರಿಗೆ ಕರುಣೆ ಬಂದಿರಬೇಕು. "ಚೆನ್ನಾಗಿದೆ. ಕ್ಯಾಲೆಂಡರಿಗೆ ಆಗತ್ತೆ" ಅಂದರು.

ಆ ವ್ಯಾಪಾರಿಯ ವಂಶ ನಿರ್ವಂಶವಾಗಲಿ! ಬೆಳಕು ಬೀಳಬಾರದೆಂದು ನಾನು ಇಪ್ಪತ್ತು ವರ್ಷ ಕಾದದ್ದು ಈ ಮೋಸವನ್ನೇ? ರೆಜ್ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು. ಮಿಸ್ ಟ್ರೆಲೋರ್ ಮೆಲ್ಲಗೆ ಎದ್ದು, "ನೋಲೀನ್, ಕಕ್ಕಸು ಎಲ್ಲಮ್ಮ?" ಎಂದು ಕೇಳಿ ಒಳಗೆ ಹೋದರು.

ಕೂತವರಿಗೆ ಹಕ್ಕಿ ಕಾಣಬಾರದೆಂದು ನಾನು ಅಷ್ಟೆಲ್ಲ ಲೆಕ್ಕ ಹಾಕಿದ್ದೆನಲ್ಲ, ಎದ್ದವರು ನೀರು ಬಿಡಲು ಹಿಂದಕ್ಕೆ ತಿರುಗುತ್ತಾರೆ ಎಂಬುದು ನನ್ನ ಮಂಡೆಗೆ ಹೊಳೆದಿರಲಿಲ್ಲ. ಎಷ್ಟು ಹೊತ್ತಾದರೂ ನೀರಿನ ಸದ್ದು ಕೇಳಲಿಲ್ಲ. ಕೇಳಿದ್ದು ಒಂದು ಕೂಗು.

"ಯಾವ ಕಟುಕನ ಕೆಲಸ ಇದು!"

ನಾಯಿಯ ಚೌಕಟ್ಟನ್ನು ಎದೆಗೊತ್ತಿಕೊಂಡು ಮಿಸ್ ಟ್ರೆಲೋರ್ ಬಂದರು. "ನೋಡ್ರಪ್ಪ! ಕೈಯಿಂದ ತುಂಬಿದ ಬಣ್ಣ. ಕಣ್ಣಿಗೆ ಗೋಂದು ಬಳಿದು ಹೊಳಪು ಕೊಟ್ಟಿದಾರೆ. ನೂರಕ್ಕೆ ನೂರು ಅಸಲಿ. ಇದರ ಅಂಚು ಕತ್ತರಿಸಿದ ಪಾಪಿ ಯಾರು?"

ಎಲ್ಲರೂ ನೋಲೀನ್ ಕಡೆ ತಿರುಗಿದರು. ಸಂಘದವರು ಅಂಚು ಕತ್ತರಿಸುವುದುಂಟೇ? ಈಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ನಾನೂ ತಿರುಗಿದೆ. ಅಷ್ಟೇ ಅಲ್ಲ, ಬಾಯಿಯನ್ನೂ ತೆರೆದೆ.

"ನೋಲೀನ್! ಅಂಚಿಗೆ ಕತ್ತರಿ ತಾಗಿಸಬಾರದು ಅಂತ ಈ ಮನೇಲಿ ಎಷ್ಟು ಸಲ ಹೇಳಿದೀನಿ!"

ನೋಲೀನ್ ಸ್ಕೋನಿನ ತಟ್ಟೆ ಕೆಳಗಿಟ್ಟಳು. ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಉದ್ದನೆಯ ಕಾಗದದ ಪಟ್ಟಿಯೊಂದನ್ನು ತಂದು ಮಿಸ್ ಟ್ರೆಲೋರ್ ಕೈಗೆ ಕೊಟ್ಟಳು.

"ಗುರುವಾರ ಸಂಜೆ ಕಸದ ಬುಟ್ಟೀಲಿ ಸಿಕ್ತು. ಒಳ್ಳೇ ದಪ್ಪ ಕಾಗದ, ಯಾಕೆ ಹಾಳುಮಾಡೋದು ಅಂತ ಸಾಮಾನಿನ ಚೀಟಿ ಬರ್ಕೊಂಡೆ. ಗುರುವಾರ ಮಧ್ಯಾಹ್ನ ಪೂರ್ತಿ ನಾನು ಬೌಲ್ಸ್ ಆಡ್ತಿದ್ದೆ. ಹನ್ನೊಂದು ಜನ ಸಾಕ್ಷಿ ಇದಾರೆ."

ಮಿಸ್ ಟ್ರೆಲೋರ್ ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದರು. ಮೊದಲು ಹಕ್ಕಿಯ ಲ್ಯಾಟಿನ್ ಹೆಸರು. ಆಮೇಲೆ ಬರೆದವನ ಹೆಸರು, ಅಚ್ಚು ಹಾಕಿದವನ ಹೆಸರು. ಅದರ ಕೆಳಗೆ ಪೆನ್ಸಿಲಿನಲ್ಲಿ: "ಹಾಲು. ಮೊಟ್ಟೆ. ಬೆಣ್ಣೆ. ಕ್ಲೆಮ್‌ಗೆ ಮಲಬದ್ಧತೆಯ ಮಾತ್ರೆ, ದೊಡ್ಡ ಡಬ್ಬಿ."

ರೆಜ್ ಟಿಪೆಟ್ ಈ ಸಲ ಕೆಮ್ಮುವ ಸೌಜನ್ಯವನ್ನೂ ತೋರಿಸಲಿಲ್ಲ.

ಕಾಕಟೂ ಈಗ ಲೈಬ್ರರಿಯ ಮುಂಗೋಡೆಯಲ್ಲಿದೆ. 'ನೋಲೀನ್ ಪೆಂಗೆಲಿ ಅವರ ಸಂಗ್ರಹದಿಂದ' ಎಂದು ಫಲಕ ಬೇರೆ. (ಅವಳ ಸಂಗ್ರಹದಲ್ಲಿರುವುದು ಅದೊಂದೇ!) ಕತ್ತರಿಸಿದ ಅಂಚನ್ನು ಅದರ ಕೆಳಗೆ ಗಾಜಿನಲ್ಲಿ ಇಡುತ್ತೇವೆಂದರು. ಇಡಿ, ಆದರೆ ಆ ಪೆನ್ಸಿಲ್ ಬರಹವನ್ನಾದರೂ ಅಳಿಸಿ ಎಂದು ಮಿಸ್ ಟ್ರೆಲೋರ್ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅವರು ಸಂಘದ ನಿಯಮಾವಳಿ ತೆಗೆದು, ನನ್ನದೇ ದುಂಡು ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದರು: ಯಾವ ಕಾರಣಕ್ಕೂ ಅಳಿಸತಕ್ಕದ್ದಲ್ಲ.

ನನ್ನ ನಕಲಿಯನ್ನು ನೋಲೀನ್ ಕಕ್ಕಸಿನ ಅದೇ ಮೊಳೆಗೆ ತೂಗುಹಾಕಿದ್ದಾಳೆ. ಪ್ರದರ್ಶನ ಇನ್ನೂ ಮೂರು ವಾರ ಇದೆ. ಊರವರೆಲ್ಲ ಬಂದು ಮೊದಲು ಚೀಟಿ ಓದಿ, ಆಮೇಲೆ ಹಕ್ಕಿ ನೋಡುತ್ತಾರಂತೆ. ನಿನ್ನೆ ಬ್ರೆಡ್ ತರಲು ಹೋಗಿದ್ದೆ. ಅಂಗಡಿ ತುಂಬ ಜನ. ಗಲ್ಲಾದಲ್ಲಿ ಕೂತಿದ್ದವಳು ನನ್ನನ್ನು ಕಂಡಕೂಡಲೇ ಅಷ್ಟು ದೂರದಿಂದಲೇ ಅಕ್ಕರೆಯಿಂದ ಕೇಳಿದಳು:

"ಏನ್ ಕ್ಲೆಮ್, ಈಗ ಸಲೀಸಾಯ್ತಾ?"