ಮುದ್ದಣ್ಣನ ಟ್ರ್ಯಾಕ್ಟರಿನ ಒಡತಿ

ಇನ್ನು ಮುಂದೆ ತನ್ನ ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ಒಂದೇ ಒಂದು ಗುಟ್ಟನ್ನೂ ಕಂಪೆನಿಯವರ ಬಳಿ ಉಳಿಯಗೊಡುವುದಿಲ್ಲ ಎಂದು ಎರ್ಮಾಳಿನ ಮುದ್ದಣ್ಣ ಹಾಲಿನ ಡಿಪೊದ ಜಗಲಿಯಲ್ಲಿ ನಿಂತು ಘೋಷಿಸಿದಾಗ ಅಲ್ಲಿ ಹದಿನಾಲ್ಕು ಜನ ಸಾಕ್ಷಿಗಳಿದ್ದರು. ಹದಿನಾಲ್ಕು ಜನವೂ ತಲೆಯಾಡಿಸಿದರು. ಆಡಿಸದೆ ಬೇರೆ ದಾರಿಯಿರಲಿಲ್ಲ, ಅವರೆಲ್ಲರ ಗದ್ದೆ ಉಳುವವನು ಅವನೇ ತಾನೆ!

ಅವನ ಸಿಟ್ಟಿಗೆ ಮೂಲ ಒಂದು ಹಳದಿ ದೀಪ. ಹಳೆಯ ಟ್ರ್ಯಾಕ್ಟರಿನ ಕಾಲದಲ್ಲಿ ಕೆಟ್ಟದ್ದು ಕಿವಿಗೆ ಕೇಳುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು. ಒಂದು ಸ್ಪ್ಯಾನರು, ಒಂದು ಹರಿದ ಬನಿಯನು, ನಾಲ್ಕು ಬೈಗುಳ, ಇಷ್ಟರಲ್ಲಿ ರಿಪೇರಿ ಮುಗಿಯುತ್ತಿತ್ತು. ಹೊಸದರ ಒಳಗೆ ಕಂಪ್ಯೂಟರ್ ಕುಳಿತಿದೆ. ಅದಕ್ಕೆ ನೋವಾದರೆ ಮೇಲೆ ಕುಳಿತವನಿಗೆ ಹೇಳುವುದಿಲ್ಲ. ಹಳದಿ ದೀಪವೊಂದನ್ನು ಹತ್ತಿಸಿ, ಸಮಾಚಾರವನ್ನೆಲ್ಲ ನೇರ ಉದ್ಯಾವರದ ಶೋರೂಮಿಗೆ ರವಾನಿಸಿ, ತಾನು ಮೌನವ್ರತ ಹಿಡಿಯುತ್ತದೆ. ಏನಾಗಿದೆ ಎಂದು ಶೋರೂಮಿಗೆ ಫೋನ್ ಮಾಡಿದರೆ, ಅದನ್ನು ಹಾಗೆಲ್ಲ ಹೇಳಲು ಬರುವುದಿಲ್ಲ, ಗಾಡಿ ತನ್ನಿ ಎಂಬ ಉತ್ತರ. ಸ್ವಂತ ಟ್ರ್ಯಾಕ್ಟರಿನ ಸುದ್ದಿಯನ್ನು ಊರವರೆಲ್ಲ ಬಲ್ಲರು, ತಾನೊಬ್ಬ ಅರಿಯೆ ಎಂದರೆ ಯಾವ ಗಂಡಸು ಸುಮ್ಮನಿದ್ದಾನು?

ಮುದ್ದಣ್ಣನೂ ಸುಮ್ಮನಿರಲಿಲ್ಲ. ಹಳದಿ ದೀಪದ ಮೇಲೆ ಕರಿ ಟೇಪು ಅಂಟಿಸಿದ.

ಅದು ಜುಲೈ ತಿಂಗಳು. ನೇಜಿ, ಅಂದರೆ ನಾಟಿಯ ಭತ್ತದ ಸಸಿ, ಕಿತ್ತು ಸೂಡಿಸೂಡಿಯಾಗಿ ಕಂತೆ ಕಟ್ಟಿಟ್ಟಾಗಿತ್ತು. ಇವತ್ತು ನಾಟಿಯಾಗದಿದ್ದರೆ ನಾಡಿದ್ದಿಗೆ ಎಲೆ ಹಳದಿಯಾಗುತ್ತದೆ. ನಾಲ್ಕು ಊರು ಸುತ್ತಿ, ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿ ಕರೆತಂದ ಹನ್ನೊಂದು ಹೆಂಗಸರು ಗದ್ದೆಯಂಚಿನ ಹುಣಿಯ ಮೇಲೆ ಸಾಲಾಗಿ ನಿಂತಿದ್ದರು. ಟೇಪು ಅಂಟಿಸಿಕೊಂಡ ಟ್ರ್ಯಾಕ್ಟರ್ ಎರಡು ಸುತ್ತು ಹೋಯಿತು. ಮೂರನೆಯ ಸುತ್ತಿಗೆ ಕೀಂ ಕೀಂ ಎಂದು ಅರಚತೊಡಗಿತು. ಅರಚುವುದೆಲ್ಲಿಂದ ಎಂದು ಮುದ್ದಣ್ಣ ಸೀಟಿನ ಕೆಳಗಿನ ಡಬ್ಬಿ ಬಿಚ್ಚಿದ. ಒಂದು ಕೆಂಪು ವಯರು ಕಂಡಿತು. ಎಳೆದ. ಅರಚುವುದು ನಿಂತಿತು. ಅದರ ಹಿಂದೆಯೇ ಎಂಜಿನ್ ಕೂಡ ನಿಂತಿತು. ಎದುರಿನ ಪುಟ್ಟ ಪರದೆಯ ಮೇಲೆ ಒಂದು ಬೀಗದ ಚಿತ್ರ ಮೂಡಿತು.

ಒಂದು ಗಂಟೆಯ ಮೇಲೆ ಶೋರೂಮಿನ ಮೆಕ್ಯಾನಿಕ್ ಲೆಸ್ಟರ್ ಬಂದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಕೆಸರಿಗಿಳಿದ. ಡಬ್ಬಿಯೊಳಗೆ ಇಣುಕಿದವನೇ ಮುಖ ಸೊಟ್ಟ ಮಾಡಿದ.

"ಈ ವಯರು ಎಳೆದದ್ದು ಯಾರು ಮಾರಾಯ್ರೆ? ಇದನ್ನು ಎಳೆದ್ರೆ ಕಳ್ಳ ಬಂದಿದ್ದಾನೆ ಅಂತ ಅದಕ್ಕೆ ಲೆಕ್ಕ. ಲಾಕ್ ಮಾಡಿಕೊಂಡಿದೆ."

ಹನ್ನೊಂದು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ತನ್ನ ಗದ್ದೆಯ ನಟ್ಟನಡುವೆ ತನ್ನ ಟ್ರ್ಯಾಕ್ಟರಿನಿಂದಲೇ ಕಳ್ಳನೆಂಬ ಬಿರುದು ಪಡೆದ ಪ್ರಥಮ ಕೃಷಿಕನಾಗಿ ಮುದ್ದಣ್ಣ ನಿಂತಿದ್ದ. ಸಿಟ್ಟು ನೆತ್ತಿಗೇರಿತು. ಡಿಪೊದ ಜಗಲಿಯ ಭಾಷಣವನ್ನು ಅಲ್ಲೇ ಕೆಸರಿನಲ್ಲಿ ಎರಡನೆಯ ಬಾರಿ ಮಾಡಿದ. ಉಳುವವನು ತಾನು, ತೊಳೆಯುವವನು ತಾನು, ಅದರ ಮಾಹಿತಿ ಮಾತ್ರ ಕಂಪೆನಿಗೋ? ಮೊದಲ ದಿನದಿಂದ ಇವತ್ತಿನವರೆಗೆ ಒಂದು ಅಕ್ಷರ ಬಿಡದೆ ತನಗೆ ಬೇಕು ಎಂದು ಪಟ್ಟು ಹಿಡಿದ.

ಲೆಸ್ಟರ್ ಜಗಳಗಂಟನಲ್ಲ. ಲ್ಯಾಪ್‌ಟಾಪನ್ನು ಟ್ರ್ಯಾಕ್ಟರಿನ ಮೂತಿಯ ಮೇಲಿಟ್ಟು ತಿರುಗಿಸಿದ.

"ಕೊಡುವುದಿಲ್ಲ ಅಂತ ಅಲ್ಲ. ಎಲ್ಲ ಉಂಟು ಇದರಲ್ಲಿ. ಯಾವ ದಿನ ಎಲ್ಲಿಗೆ ಹೋಯಿತು, ಎಲ್ಲಿ ನಿಂತಿತು, ನಿಂತಾಗ ಎಂಜಿನ್ ಚಾಲೂ ಇತ್ತಾ, ಎಲ್ಲ ನಿಮಿಷ ನಿಮಿಷದ್ದು ಉಂಟು. ಯಜಮಾನರು ಕೇಳಿದ್ರೆ ಕೊಡ್ಲೇಬೇಕು. ಆದರೆ ಯಜಮಾನರು ನೀವಲ್ಲ ಅಲ್ವಾ?"

ಪರದೆಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಅಕ್ಕು, ಬನ್ನಂಜೆ, ಉಡುಪಿ.

ಅಕ್ಕು ಎಂದರೆ ಮುದ್ದಣ್ಣನ ಒಡಹುಟ್ಟಿದ ಅಕ್ಕ. ಅವನಿಗಿರುವುದು ಅವಳೊಬ್ಬಳೇ. ಗದ್ದೆ ತಾಯಿಯ ಕಡೆಯಿಂದ ಇಳಿದುಬಂದದ್ದು, ಅಳಿಯಸಂತಾನದ ಮನೆ, ಹಾಗಾಗಿ ಆರ್‌ಟಿಸಿಯಲ್ಲಿ ಅಕ್ಕನ ಹೆಸರು, ಉಳುಮೆ ಮಾತ್ರ ತಮ್ಮನದು. ಸಬ್ಸಿಡಿಯ ಟ್ರ್ಯಾಕ್ಟರ್ ಆರ್‌ಟಿಸಿ ಇದ್ದವರ ಹೆಸರಿಗೇ ಬರುವುದರಿಂದ ಎರಡು ವರ್ಷದ ಹಿಂದೆ ಅವಳನ್ನು ಕರೆದೊಯ್ದು ಸಹಿ ಹಾಕಿಸಿದ್ದ. ಫಾರ್ಮಿನಲ್ಲಿ ಅವಳ ಮೊಬೈಲ್ ನಂಬರನ್ನೇ ಬರೆದಿದ್ದ. ಆಮೇಲೆ 'ನನ್ನ ಟ್ರ್ಯಾಕ್ಟರ್' ಎನ್ನುವ ಭರದಲ್ಲಿ ಅದೆಲ್ಲ ಮರೆತೇಹೋಗಿತ್ತು. ಈಗ ಬೀಗ ತೆರೆಯಬೇಕಾದರೆ ಅವಳ ಮೊಬೈಲಿಗೆ ಒಂದು ಒಟಿಪಿ ಹೋಗುತ್ತದೆ, ಅದನ್ನು ಅವಳು ಹೇಳಬೇಕು.

ಬೇರೆ ತಮ್ಮನಾಗಿದ್ದರೆ ಒಂದು ಫೋನಿನ ಕೆಲಸ. ಆದರೆ ಹದಿನೆಂಟು ತಿಂಗಳಿನಿಂದ ಅಕ್ಕು ಅವನೊಡನೆ 'ಹ್ಞೂಂ', 'ಆಯ್ತು' ಎಂಬ ಎರಡು ಮಾತಿನ ಹೊರತು ಮೂರನೆಯದನ್ನು ಆಡಿರಲಿಲ್ಲ. ತವರಿಗೆ ಕಾಲಿಟ್ಟಿರಲಿಲ್ಲ. ಗಂಡ ಹೋದ ದುಃಖ, ಕಾಲ ಕಳೆದರೆ ಸರಿಹೋದಾಳು ಎಂದು ಮುದ್ದಣ್ಣ ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಒಳಗೆ ಮಾತ್ರ ಅವಳಿಗೆಲ್ಲಿ ಗೊತ್ತಾಗಿದೆಯೋ ಎಂಬ ಅಳುಕು ಅವನನ್ನು ತಿನ್ನುತ್ತಿತ್ತು.

ಗೊತ್ತಾಗಬಾರದ ಸಂಗತಿ ಇಷ್ಟು. ಹೋದ ವರ್ಷ ಜನವರಿಯಲ್ಲಿ ಭಾವ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದರು. ಮೂವತ್ತು ವರ್ಷ ಬಸ್ ಓಡಿಸಿದ ಗಟ್ಟಿ ಆಳು ಎಲುಬಿನ ಗೂಡಾಗಿದ್ದರು. ಬೇಗ ಬಾ, ಅವರು ನಿನ್ನನ್ನು ಕೇಳುತ್ತಿದ್ದಾರೆ ಎಂದು ಅಕ್ಕು ಬೆಳಿಗ್ಗೆ ಫೋನ್ ಮಾಡಿದಳು. ಮುದ್ದಣ್ಣನಿಗೆ ಹಾವಿನ ಭಯವಿಲ್ಲ, ಕತ್ತಲೆಯ ಭಯವಿಲ್ಲ, ಸಾಯುವವರ ಮುಖ ನೋಡುವ ಭಯ ಮಾತ್ರ ಹೇಳತೀರದ್ದು. ಅಮ್ಮನ ಹಾಸಿಗೆಯ ಪಕ್ಕದಲ್ಲಿ ತಲೆ ತಿರುಗಿ ಬಿದ್ದವನು ಅವನು. ತನ್ನನ್ನು ತಮ್ಮನ ಹಾಗೆ ನೋಡಿಕೊಂಡ ಭಾವನನ್ನು ಆ ಸ್ಥಿತಿಯಲ್ಲಿ ನೋಡಲು ಅವನಿಂದಾಗುತ್ತಿರಲಿಲ್ಲ. ಅದನ್ನು ಹೇಳಬಹುದಿತ್ತು. ಹೇಳದೆ ಅವನು ಮಾಡಿದ್ದೇನು? ಫೋನು ಹಿಡಿದುಕೊಂಡೇ ಓಡಿಹೋಗಿ ಶೆಡ್ಡಿನಲ್ಲಿದ್ದ ಟ್ರ್ಯಾಕ್ಟರ್ ಹತ್ತಿ, ಎಂಜಿನ್ ಚಾಲೂ ಮಾಡಿ, ಆ ಸದ್ದಿನ ಮೇಲೆ ಗಂಟಲು ಹರಿಯುವಂತೆ ಕೂಗಿದ: ಕಾರ್ಕಳದಲ್ಲಿ ಬಾಡಿಗೆ ಕೆಲಸದಲ್ಲಿದ್ದೇನೆ, ಹೈಡ್ರಾಲಿಕ್ ಪೈಪು ಒಡೆದಿದೆ, ಗದ್ದೆಯ ನಡುವೆ ಸಿಕ್ಕಿಬಿದ್ದಿದ್ದೇನೆ!

ಪುನಃ ಫೋನ್ ಬಂದರೆ ಸದ್ದು ಬೇಕಲ್ಲ ಎಂದು ಎಂಜಿನ್ ನಿಲ್ಲಿಸದೆ ಶೆಡ್ಡಿನಲ್ಲೇ ಕುಳಿತ. ಕುಳಿತು ಅತ್ತ. ಅದೇ ಸಂಜೆ ಭಾವ ತೀರಿಕೊಂಡರು.

ಈಗ ಗದ್ದೆಯ ಕೆಸರಿನಲ್ಲಿ ನಿಂತು, 'ನಿಮಿಷ ನಿಮಿಷದ್ದು' ಎಂಬ ಲೆಸ್ಟರನ ಮಾತು ಅವನ ತಲೆಗೆ ನಿಧಾನವಾಗಿ ಇಳಿಯಿತು. ಅವನ ದನಿಯೂ ಇಳಿಯಿತು. ಲೆಸ್ಟರನನ್ನು ಸ್ವಲ್ಪ ಆಚೆ ಕರೆದ.

"ಅದರಲ್ಲಿ ಒಂದು ದಿನದ್ದು ಮಾತ್ರ ಅಳಿಸ್ಲಿಕ್ಕೆ ಆಗ್ತದಾ?"

ಒಂದು ಅಕ್ಷರ ಬಿಡದೆ ಬೇಕು ಎಂದವರು ಈಗಷ್ಟೇ ನೀವಲ್ಲವೆ ಎಂದು ಲೆಸ್ಟರ್ ಆಶ್ಚರ್ಯಪಟ್ಟ. ಅಳಿಸುವುದು ತನ್ನಿಂದಾಗದು ಎಂದ. ಗಾಡಿ ಕೊಡುವ ದಿನ ಯಜಮಾನರ ಫೋನಿಗೆ ಆ್ಯಪ್ ಹಾಕಿಕೊಟ್ಟಿರುತ್ತೇವೆ, ಅದನ್ನು ತೆರೆದರೆ ಎಲ್ಲ ಕಾಣುತ್ತದೆ, ಆದರೆ ಯಾರೂ ತೆರೆಯುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದ. ಮುದ್ದಣ್ಣ ಆ ಸಮಾಧಾನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಯೋಜನೆ ಅಲ್ಲೇ ಸಿದ್ಧವಾಯಿತು. ಅಕ್ಕನಿಂದ ಒಟಿಪಿ ಪಡೆಯುವುದು, ಪಡೆಯುವ ನೆಪದಲ್ಲಿ ಫೋನು ಕೈಗೆ ತೆಗೆದುಕೊಳ್ಳುವುದು, ತೆಗೆದುಕೊಂಡದ್ದೇ ಆ್ಯಪನ್ನು ಕಿತ್ತುಹಾಕುವುದು. ಮಾಹಿತಿ ಹಕ್ಕಿನ ಎರ್ಮಾಳಿನ ಹೋರಾಟಗಾರ ಹೀಗೆ ಅರ್ಧ ಗಂಟೆಯೊಳಗೆ ಪಕ್ಷ ಬದಲಿಸಿದ!

ಅಕ್ಕನಿಗೆ ಫೋನ್ ಮಾಡಿ ವಿಷಯ ತಿಳಿಸಿದ. "ನೀನೇ ಬಾ" ಎಂದು ಅವಳು ಇಟ್ಟುಬಿಟ್ಟಳು.

ಹೆಂಡತಿ ವಾರಿಜ ಒಂದು ಡಬ್ಬಿಯಲ್ಲಿ ಪತ್ರೊಡೆ ಕಟ್ಟಿಕೊಟ್ಟಳು. ಆ ದಿನ ಅಡುಗೆಮನೆಯಲ್ಲಿ ನಿಂತು ಶೆಡ್ಡಿನ ಎಂಜಿನಿನ ಸದ್ದನ್ನು ಕೇಳಿದವಳು ಅವಳು. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

"ನಂಬರ್ ಮಾತ್ರ ಕೇಳಿಕೊಂಡು ಬರಬೇಡಿ. ಆ ದಿನದ್ದು ಹೇಳಿ ಬನ್ನಿ," ಎಂದಳು.

ಮುದ್ದಣ್ಣ ಹೆಲ್ಮೆಟ್ ಹಾಕಿಕೊಂಡು, ಕೇಳಿಸದವನಂತೆ ಬೈಕು ಹೊರಡಿಸಿದ. ಕಾಪು ದಾಟುವಾಗ ಶುರುವಾದ ಮಳೆ ಬನ್ನಂಜೆಯವರೆಗೂ ಬಿಡಲಿಲ್ಲ. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿದ. ಒಂದೂ ನಿಲ್ಲಲಿಲ್ಲ.

ಅಕ್ಕು ಬಾಗಿಲು ತೆರೆದು, ತಲೆ ಒರೆಸಿಕೊಳ್ಳಲು ಬೈರಾಸು ಕೊಟ್ಟಳು. ಪತ್ರೊಡೆಯ ಡಬ್ಬಿ ತೆಗೆದುಕೊಂಡಳು. ಕೇಳುವ ಮೊದಲೇ ಫೋನನ್ನೂ ಅವನ ಕೈಗಿತ್ತು, ಕನ್ನಡಕ ಒಳಗುಂಟು, ನೀನೇ ನೋಡಿಕೋ ಎಂದು ಚಹಾಕ್ಕಿಡಲು ಹೋದಳು. ಇಷ್ಟು ಸುಲಭವಾದೀತೆಂದು ಮುದ್ದಣ್ಣ ಎಣಿಸಿರಲಿಲ್ಲ. ಒಟಿಪಿ ಬಂತು. ಲೆಸ್ಟರನಿಗೆ ಓದಿ ಹೇಳಿದ. ಬೀಗ ಬಿಟ್ಟಿತು, ಉಳುಮೆ ತಾನೇ ಮುಗಿಸಿಕೊಡುತ್ತೇನೆ, ಹೆಂಗಸರು ಕಾಯುತ್ತಿದ್ದಾರೆ ಎಂದು ಲೆಸ್ಟರ್ ಆ ಕಡೆಯಿಂದ ಹೇಳಿದ. ನೇಜಿ ಉಳಿಯಿತು.

ಉಳಿದದ್ದು ಎರಡನೆಯ ಕೆಲಸ. ಅಡುಗೆಮನೆಯ ಕಡೆ ಒಂದು ಕಣ್ಣಿಟ್ಟು ಮುದ್ದಣ್ಣ ಆ್ಯಪನ್ನು ಹುಡುಕಿದ. ಕಿತ್ತುಹಾಕಲು ಹೋದ ಅವಸರದ ಬೆರಳು ಅದನ್ನು ತೆರೆದೇಬಿಟ್ಟಿತು. ತೆರೆದುಕೊಂಡದ್ದು ಇವತ್ತಿನ ತಾರೀಖಿಗಲ್ಲ. ಹೋದ ವರ್ಷದ ಜನವರಿ ಹದಿನೇಳಕ್ಕೆ. ಅವಳು ಕೊನೆಗೆ ನೋಡಿ ಬಿಟ್ಟ ಪುಟ ಅದೇ ಆಗಿತ್ತು. ನಕಾಶೆಯಲ್ಲಿ ಎರ್ಮಾಳಿನ ಅವನ ಶೆಡ್ಡಿನ ಮೇಲೆ ಒಂದು ನೀಲಿ ಚುಕ್ಕಿ. ಎಂಜಿನ್ ಚಾಲೂ. ವೇಗ ಸೊನ್ನೆ. ಒಂದು ಗಂಟೆ ಹನ್ನೆರಡು ನಿಮಿಷ.

ತಲೆಯೆತ್ತಿದರೆ ಅಕ್ಕು ಎರಡು ಲೋಟ ಚಹಾ ಹಿಡಿದು ಎದುರಿಗೇ ನಿಂತಿದ್ದಳು. ಮುದ್ದಣ್ಣನಿಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು.

"ಹೆದರಿಕೆ ಆಗಿತ್ತು ಅಕ್ಕ," ಎಂದ. ದಾರಿಯಲ್ಲಿ ಜೋಡಿಸಿದ ಮಾತುಗಳಲ್ಲಿ ಇದು ಇರಲಿಲ್ಲ.

"ಗೊತ್ತುಂಟು." ಅಕ್ಕು ಲೋಟ ಕೆಳಗಿಟ್ಟು ಕುಳಿತಳು. "ನೀನು ಬಾರದ್ದಕ್ಕೆ ನನಗೆ ಕೋಪ ಇಲ್ಲ. ಅವರ ಬೊಜ್ಜದ ದಿನ ಇಲ್ಲೇ ಕೂತು ತಿಥಿಯೂಟ ಮಾಡ್ತಾ ಆ ಕಾರ್ಕಳದ ಪೈಪಿನ ಕಥೆ ಪುನಃ ಹೇಳಿದೆಯಲ್ಲ, ಅದಕ್ಕೆ ಕೋಪ. ಇವನು ಯಾವತ್ತಾದರೂ ನಿಜ ಹೇಳ್ತಾನಾ ಅಂತ ಕಾದೆ."

ಮುದ್ದಣ್ಣ ತಲೆ ತಗ್ಗಿಸಿದ. ಭಾವನಿಗೆ ಗೊತ್ತಿತ್ತೇ ಎಂದು ಕೇಳಿದ.

"ಅವರಿಗೆ ನಾನೇ ತೋರಿಸಿದ್ದು. ಇಬ್ಬರೂ ಆಸ್ಪತ್ರೆಯಲ್ಲಿ ಇದನ್ನೇ ನೋಡಿದೆವು. ಅವರು ನಕ್ಕರು. 'ಅವನು ಬರುವುದು ಬೇಡ, ಬಂದರೆ ಬಿದ್ದು ತಲೆ ಒಡೆದುಕೊಳ್ತಾನೆ. ಎಂಜಿನ್ ಬಂದ್ ಮಾಡ್ಲಿಕ್ಕೆ ಹೇಳು, ಡೀಸೆಲ್ ಸುಮ್ಮನೆ ಹೋಗ್ತದೆ' ಅಂದರು. ಮತ್ತೆ ಅವರು ಮಾತಾಡಲಿಲ್ಲ."

ಮುದ್ದಣ್ಣ ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಅದನ್ನು ತನಗೆ ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದ.

"ಹೇಳ್ಲಿಕ್ಕೆ ಎರಡು ಸಲ ಫೋನ್ ಮಾಡಿದೆ," ಎಂದಳು ಅಕ್ಕು. "ಆ ಎಂಜಿನಿನ ಗಲಾಟೆಯಲ್ಲಿ ನಿನಗೆ ಕೇಳಿಸಲೇ ಇಲ್ಲ."